ಹೊಸ ಶೀಸೆಯ ಆಯ್ಕೆ

ಸೀರೆ ಕೊಳ್ಳುವಾಗ ಸೆರಗನ್ನು ಬಿಡಿಸಿ ನೋಡಬಹುದು. ಮಾವು ಕೊಳ್ಳುವಾಗ ಮೂಸಿ ನೋಡಬಹುದು. ಜೋಳವಾದರೆ ನಾಲ್ಕು ಕಾಳನ್ನು ಅಂಗೈಯಲ್ಲಿಟ್ಟು ಪರೀಕ್ಷಿಸಬಹುದು. ಬಿರಡೆ ಬಿಗಿದ ವೈನಿನ ಶೀಸೆ ಮಾತ್ರ ಮನೆಗೆ ಬಂದು ತೆರೆಯುವ ತನಕ ತನ್ನ ಗುಟ್ಟನ್ನು ಬಿಟ್ಟುಕೊಡದು. ಆದುದರಿಂದಲೇ ಹೊಸಬನು ಚೀಟಿಯ ಚಿತ್ರಕ್ಕೋ ಬೆಲೆಯ ಹಿರಿಮೆಗೋ ಮರುಳಾಗುತ್ತಾನೆ. ಗುಟ್ಟು ಇರುವುದು ಚೀಟಿಯಲ್ಲಲ್ಲ, ಹಣ್ಣಿನಲ್ಲಿ.

ವಿಜಯಪುರ ಜಿಲ್ಲೆಯ ಸಾರವಾಡವು ಬಬಲೇಶ್ವರದ ಕಡೆಯ ಊರು. ಎರೆಮಣ್ಣಿನ ಬಿಳಿಜೋಳಕ್ಕೆ ಹೆಸರಾದ ಡೋಣಿಯ ಸೀಮೆ ಅದು. ಬಬಲೇಶ್ವರ, ತಿಕೋಟಾಗಳ ಸುತ್ತ ಈಗ ದ್ರಾಕ್ಷಿಯ ಚಪ್ಪರಗಳೂ ಹಣ್ಣನ್ನು ಒಣಗಿಸುವ ಶೆಡ್ಡುಗಳೂ ಕಣ್ಣಿಗೆ ಬೀಳುತ್ತವೆ. ಅಲ್ಲಿನ ಬೆಳೆಯಲ್ಲಿ ಹೆಚ್ಚಿನದು ಬೀಜವಿಲ್ಲದ ಥಾಮ್ಸನ್ ಜಾತಿಯದು. ಸುಮಾರು 4 ಕಿಲೋ ಹಣ್ಣು ಒಣಗಿದರೆ 1 ಕಿಲೋ ಒಣದ್ರಾಕ್ಷಿ. ವೈನಿಗೆಂದು ಬೆಳೆಯುವ ಜಾತಿಗಳೇ ಬೇರೆ. ಅವುಗಳ ಹಣ್ಣು ಚಿಕ್ಕದು, ಬೀಜವುಳ್ಳದು, ಸಿಪ್ಪೆ ದಪ್ಪ. ಕಪ್ಪು ದ್ರಾಕ್ಷಿಯ ರಸಕ್ಕೂ ಸ್ವತಃ ಬಣ್ಣವಿಲ್ಲವೆಂದರೆ ಅನೇಕರಿಗೆ ಆಶ್ಚರ್ಯವಾದೀತು. ರಸವು ಸಿಪ್ಪೆಯೊಡನೆ ಹುದುಗಿದರೆ ಕೆಂಪು ವೈನು, ಸಿಪ್ಪೆಯನ್ನು ಬೇರ್ಪಡಿಸಿ ಹುದುಗಿಸಿದರೆ ಬಿಳಿಯದು. ಬಣ್ಣದ ಜೊತೆಗೆ ಒಗರೂ ಸಿಪ್ಪೆಯಿಂದಲೇ ಬರುತ್ತದೆ.

ಇಷ್ಟು ತಿಳಿದವನಿಗೆ ಅರ್ಧ ಆಯ್ಕೆ ಮುಗಿದಂತೆಯೇ. ಕೊಳ್ಳುವವನು ಮೊದಲು ದ್ರಾಕ್ಷಿಯ ಜಾತಿ, ಬೆಳೆದ ಸೀಮೆ, ಕೊಯ್ಲಿನ ವರ್ಷ ಇವು ಮೂರನ್ನು ಓದಬೇಕು. ಸಿಹಿಯ ಕಡೆಗೆ ಒಲವುಳ್ಳವರು ಚೆನಿನ್ ಬ್ಲಾಂಕ್‌ನಿಂದ ಆರಂಭಿಸಿ, ಹುಳಿ ಮುಂದಾದ ಸಾವಿನ್ಯಾನ್ ಬ್ಲಾಂಕ್‌ಗೂ ಅನಂತರ ಶಿರಾಜ್‌ಗೂ ಸಾಗಬಹುದು. ಒಗರಿನ ಕ್ಯಾಬರ್ನೆ ಸಾವಿನ್ಯಾನ್ ಕೊನೆಗಿರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಜಾಣತನ. ನಂದಿಯ ತಪ್ಪಲಿನ ಶಿರಾಜ್ ಹಿಡಿಸಿದರೆ ಮುಂದಿನ ಸಲ ನಾಸಿಕದ ಶಿರಾಜ್ ತರಲಿ. ಆಗ ಮಣ್ಣಿನ ವ್ಯತ್ಯಾಸ ನಾಲಗೆಗೆ ತಿಳಿಯುತ್ತದೆ. ಸಾಮಾನ್ಯ ಬಿಳಿ ವೈನು ಎಳೆಯದಿದ್ದಷ್ಟೂ ಲೇಸು. ಹಳೆಯದೆಲ್ಲ ಹೊನ್ನೆಂಬ ಮಾತು ಇಲ್ಲಿ ಸಲ್ಲದು.

ಊಟವನ್ನೂ ಮರೆಯಬಾರದು. ಎಣ್ಣೆಗಾಯಿ, ಕೆಂಪುಖಾರಗಳ ಪಕ್ಕದಲ್ಲಿ ಒಗರು ವೈನು ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ತುಸು ಸಿಹಿಯಾದ, ತಂಪಾದ ಬಿಳಿಯದು ಹೊಂದಿಕೊಳ್ಳುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ನಿಯಮ ಚಳಿನಾಡಿನದು. ಪಾದರಸ 40 ಡಿಗ್ರಿ ಮುಟ್ಟುವ ವಿಜಯಪುರದ ಬೇಸಗೆಯಲ್ಲಿ ಅದನ್ನು ಪಾಲಿಸಿದರೆ ರುಚಿ ಕೆಟ್ಟಂತೆಯೇ. ಕೆಂಪಿಗೂ 16-18 ಡಿಗ್ರಿಯ ತಂಪು ಬೇಕು.

ಈ ನೆಲಕ್ಕೆ ವೈನು ಹೊಸದಲ್ಲ. 1604ರ ಸುಮಾರಿಗೆ ಅಕ್ಬರನ ದೂತನಾಗಿ ಇಬ್ರಾಹಿಂ ಆದಿಲ್‌ಶಾಹನ ರಾಜಧಾನಿಗೆ ಬಂದ ಅಸದ್ ಬೇಗ್, ಅಲ್ಲಿನ ಪೇಟೆಯ ಮದ್ಯದಂಗಡಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಮುಂದೆ ಅದೇ ಸೀಮೆ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದು, 1949ರ ಪಾನನಿರೋಧ ಕಾಯಿದೆಗೆ ಒಳಪಟ್ಟಿತ್ತು. 2007ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಿ ಸಂಸ್ಕರಣೆಗೂ ವೈನಿಗೂ ಪ್ರತ್ಯೇಕ ನೀತಿಯನ್ನೇ ರೂಪಿಸಿತು. ಕಾಲಚಕ್ರದ ಆಟ!

ಆದರೆ ನೀತಿ ಬಂದ ಮಾತ್ರಕ್ಕೆ ಬೆಳೆಗಾರನ ಚಿಂತೆ ತೀರಲಿಲ್ಲ. ಒಣದ್ರಾಕ್ಷಿಯಾದರೆ ಶೀತಲಗೃಹದಲ್ಲಿಟ್ಟು ಒಳ್ಳೆಯ ಧಾರಣೆಗಾಗಿ ಕಾಯಬಹುದು. ವೈನಿನ ಹಣ್ಣಿಗೆ ಆ ಭಾಗ್ಯವಿಲ್ಲ. ಬೀಜ ತುಂಬಿದ ಆ ಚಿಕ್ಕ ಹಣ್ಣನ್ನು ಸಂತೆಯಲ್ಲಿ ಕೇಳುವವರಿಲ್ಲ. ಕಾರಖಾನೆ ಕೈಬಿಟ್ಟರೆ ಬೆಳೆ ಬಳ್ಳಿಯಲ್ಲೇ ಹಾಳು. 2008ರ ಅನಂತರ ಬೇಡಿಕೆ ಕುಸಿದಾಗ ಮಹಾರಾಷ್ಟ್ರದ ಅನೇಕ ರೈತರು ವರ್ಷಗಟ್ಟಲೆ ಸಾಕಿದ ಬಳ್ಳಿಗಳನ್ನು ತಾವೇ ಕಿತ್ತುಹಾಕಬೇಕಾಯಿತು. ಪಟ್ಟಣದ ಅಂಗಡಿಯಲ್ಲಿ ಪರದೇಶದ ಹೆಸರಿಗೆ ಕೈ ಚಾಚುವ ಗೃಹಸ್ಥನು ನೆರೆಯ ಸೀಮೆಯ ಶೀಸೆಯನ್ನೂ ಒಮ್ಮೆ ಪರೀಕ್ಷಿಸಿದರೆ, ಆ ಆಯ್ಕೆಯ ಫಲ ದೂರದ ಒಂದು ಚಪ್ಪರದವರೆಗೂ ತಲುಪುತ್ತದೆ.

ಹಾಗೆಂದು ರೈತನ ಹೆಸರಿನಲ್ಲಿ ಕುಡಿಯದವರು ಕುಡಿಯಲು ತೊಡಗಬೇಕಾಗಿಲ್ಲ. ಮದ್ಯದಲ್ಲಿ ಅಪಾಯವೇ ಇಲ್ಲದ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ವೈನೂ ಅದಕ್ಕೆ ಹೊರತಲ್ಲ. ಗರ್ಭಿಣಿಯರಿಗೂ ವಾಹನ ನಡೆಸುವವರಿಗೂ ಅದು ಸಲ್ಲದು. ರುಚಿ ನೋಡುವವರಿಗೆ ಅರ್ಧ ಲೋಟವೇ ಸಾಕು. ಉಳಿದವರಿಗೆ ಇದ್ದೇ ಇದೆಯಲ್ಲ, ಡೋಣಿ ಸೀಮೆಯ ಒಣದ್ರಾಕ್ಷಿ! ಅದನ್ನು ಆರಿಸುವುದಕ್ಕೆ ಯಾವ ಚೀಟಿಯನ್ನೂ ಓದಬೇಕಾಗಿಲ್ಲ. ಒಂದನ್ನು ಬಾಯಿಗೆ ಹಾಕಿಕೊಂಡರಾಯಿತು.