ಚಾಳೀಸಿನ ಕಣ್ಣಿಗೆ ಒಂದು ಕೆಂಪು ಚುಕ್ಕೆ

ನಲವತ್ತು ದಾಟಿದವರ ದೃಷ್ಟಿದೋಷಕ್ಕೆ ನಾವು ವಯಸ್ಸಿನ ಲೆಕ್ಕವನ್ನೇ ಹೆಸರಾಗಿಟ್ಟು ‘ಚಾಳೀಸು’ ಎಂದೆವು. ಆಮೇಲೆ ಆ ಹೆಸರು ಕನ್ನಡಕಕ್ಕೂ ಅಂಟಿಕೊಂಡಿತು. ಮಲಯಾಳಿಗಳು ಇದನ್ನು ‘ವೆಳ್ಳೆಳುತ್ತು’ ಎನ್ನುತ್ತಾರೆ. ಬಿಡಿಸಿದರೆ ಬಿಳಿ ಬರಹ ಎಂದಾಗುತ್ತದೆ. ಪತ್ರಿಕೆ ಓದುವವರಿಗೆ ಇದೇನು ದೊಡ್ಡ ಸಂಗತಿಯಲ್ಲ, ಕನ್ನಡಕ ಏರಿಸಿದರೆ ಮುಗಿಯಿತು. ಆದರೆ ಪಿಸ್ತೂಲು ಹಿಡಿದು ಹತ್ತು ಮೀಟರ್ ಆಚೆಯ ಗುರಿಗೆ ಹೊಡೆಯುವವರ ಪಾಡು ಬೇರೆ. ಎಷ್ಟೋ ಮಂದಿ ಹಿರಿಯ ಶೂಟರ್‌ಗಳು ಸದ್ದಿಲ್ಲದೆ ಆಟ ಬಿಡುವುದು ಕೈ ನಡುಗಿತೆಂದಲ್ಲ, ಕಣ್ಣು ಸೋತಿತೆಂದು.

ಅಂಥವರಿಗಾಗಿ ರಾಜ್ಯಮಟ್ಟದ ಸ್ಪರ್ಧೆಗಳಲ್ಲಿ ರೆಡ್ ಡಾಟ್ ಸೈಟ್ ಬಳಸಬಹುದಾದ ಪ್ರತ್ಯೇಕ ವಿಭಾಗವೊಂದು ಬೇಕು ಎಂಬುದು ನನ್ನ ವಾದ. ಅದನ್ನು ಕೇರಳವೇ ಮೊದಲು ಮಾಡಲಿ ಎಂದೂ ಹೇಳುತ್ತೇನೆ. ಕೊಚ್ಚಿಯಲ್ಲಿ ಅಭ್ಯಾಸ ಮಾಡಿ, ಸ್ಪರ್ಧೆಗೆಂದು ಬೆಳಗಿನ ರೈಲು ಹಿಡಿದು ತಿರುವನಂತಪುರಕ್ಕೆ ಹೋಗುವ ಚಾಳೀಸಿನ ಗುಂಪಿನಲ್ಲಿ ನಾನೂ ಒಬ್ಬ. ಹಾಗಾಗಿ ಇದರಲ್ಲಿ ನನ್ನ ಸ್ವಾರ್ಥವೂ ಇದೆಯೆಂದು ಮೊದಲೇ ಹೇಳಿಬಿಡುತ್ತೇನೆ.

ತಿರುವನಂತಪುರದ ವಟ್ಟಿಯೂರ್ಕಾವಿನ ಶೂಟಿಂಗ್ ರೇಂಜ್ 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಸಜ್ಜಾದದ್ದು. 2017ರ ರಾಷ್ಟ್ರೀಯ ಶೂಟಿಂಗ್ ಚಾಂಪಿಯನ್‌ಷಿಪ್ ಕೇರಳದಲ್ಲಿ ನಡೆದಾಗ ಹದಿನೈದರ ಹುಡುಗಿ ಮನು ಭಾಕರ್ ಒಂಬತ್ತು ಚಿನ್ನ ಗೆದ್ದು ಹೋದಳು. ಅದೇ ಮನು 2024ರಲ್ಲಿ ಪ್ಯಾರಿಸ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಏರ್ ಪಿಸ್ತೂಲು ಮಿಶ್ರ ತಂಡದ ಕಂಚು ತಂದಾಗ, ಬೆಳ್ಳಿ ಗೆದ್ದ ಟರ್ಕಿಯ ಜೋಡಿಯಲ್ಲಿದ್ದವರು 51 ವರ್ಷದ ಯೂಸುಫ್ ಡಿಕೆಚ್. ಮಾಮೂಲಿ ಕನ್ನಡಕ, ಜೇಬಿನಲ್ಲಿ ಒಂದು ಕೈ. ಆ ಚಿತ್ರ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಅದನ್ನು ನೋಡಿ ‘ವಯಸ್ಸೆಂಬುದು ಬರೀ ನೆಪ’ ಎಂದವರೇ ಹೆಚ್ಚು. ಆ ಮಾತು ಎಷ್ಟು ನಿಜ ಎಂದು ತಿಳಿಯಲು ಗುರಿಯಿಡುವ ಲೆಕ್ಕವನ್ನು ಸ್ವಲ್ಪ ನೋಡಬೇಕು.

ಏರ್ ಪಿಸ್ತೂಲಿನ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. 75 ನಿಮಿಷದಲ್ಲಿ 60 ಗುಂಡು, ಒಂದೇ ಕೈಯಲ್ಲಿ. ಪಿಸ್ತೂಲಿನ ಹಿಂಬದಿಯಲ್ಲಿ ಒಂದು ಕಚ್ಚು, ಮುಂಬದಿಯಲ್ಲಿ ಒಂದು ಮೊಳಕೆ. ಮೊಳಕೆಯನ್ನು ಕಚ್ಚಿನ ನಡುವೆ, ಎರಡೂ ಪಕ್ಕ ಸಮನಾಗಿ ಬೆಳಕು ಕಾಣುವಂತೆ ನಿಲ್ಲಿಸಬೇಕು. ಎರಡರ ನಡುವಿನ ಅಂತರ ಸುಮಾರು 33 ಸೆಂ.ಮೀ. ಎಂದಿಟ್ಟುಕೊಳ್ಳಿ. ಮೊಳಕೆ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ ಗುರಿಯಲ್ಲಿ ಗುಂಡು 30 ಮಿ.ಮೀ. ಸರಿಯುತ್ತದೆ, ಹತ್ತಕ್ಕೆ ಬೀಳಬೇಕಾದದ್ದು ಏಳಕ್ಕೆ ಬೀಳುತ್ತದೆ. ಅದೇ ಇಡೀ ಕೈ ಮೂರು ಮಿ.ಮೀ. ಓಲಾಡಿದರೆ ಗುಂಡು ಸರಿಯುವುದೂ ಮೂರೇ ಮಿ.ಮೀ., ಹತ್ತು ಹತ್ತಾಗಿಯೇ ಉಳಿಯುತ್ತದೆ. ‘ಗುರಿ ಮಸುಕಾದರೂ ಚಿಂತೆಯಿಲ್ಲ, ಮುಂದಿನ ಸೈಟ್ ಸ್ಪಷ್ಟವಾಗಿರಲಿ’ ಎಂದು ತರಬೇತುದಾರರು ಮೊದಲ ದಿನವೇ ಹೇಳಿಕೊಡುವುದು ಇದಕ್ಕೇ.

ಚಾಳೀಸು ಕೆಡಿಸುವುದು ಸರಿಯಾಗಿ ಆ ಸ್ಪಷ್ಟತೆಯನ್ನೇ. ಚಾಚಿದ ಕೈಯಲ್ಲಿ ಮುಂದಿನ ಸೈಟ್ ಕಣ್ಣಿನಿಂದ ಹೆಚ್ಚುಕಡಿಮೆ ಒಂದು ಮೀಟರ್ ದೂರದಲ್ಲಿರುತ್ತದೆ. ಅದು ಓದುವ ದೂರವೂ ಅಲ್ಲ, ಬಸ್ಸಿನ ಬೋರ್ಡ್ ನೋಡುವ ದೂರವೂ ಅಲ್ಲ. ಕೊಚ್ಚಿಯಲ್ಲಿರಲಿ, ಕಾಸರಗೋಡಿನಲ್ಲಿರಲಿ, ಕನ್ನಡಕದಂಗಡಿಯವರು ಕೇಳುವುದು ಎರಡೇ ಪ್ರಶ್ನೆ: ಓದಲಿಕ್ಕೋ, ದೂರಕ್ಕೋ? ಹೆಚ್ಚೆಂದರೆ ಕಂಪ್ಯೂಟರಿಗೋ ಎನ್ನುತ್ತಾರೆ. ಪ್ರೋಗ್ರೆಸಿವ್ ಲೆನ್ಸ್ ಹಾಕಿಸಿಕೊಂಡರೆ ಫಜೀತಿ ಇನ್ನೂ ಹೆಚ್ಚು. ನಮಗೆ ಬೇಕಾದ ಭಾಗ ಲೆನ್ಸಿನ ಕೆಳಗಿರುವುದರಿಂದ ಗಲ್ಲ ಮೇಲೆತ್ತಿ ಗುರಿಯಿಡಬೇಕಾಗುತ್ತದೆ. ಅರ್ಧ ಗಂಟೆಯಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಆದ್ದರಿಂದ ಮೊದಲ ಮದ್ದು ಚುಕ್ಕೆಯಲ್ಲ, ಲೆನ್ಸ್. ಗುರಿಯಿಡುವ ಕಣ್ಣಿಗೆ ಒಂದೇ ಪವರಿನ ಲೆನ್ಸ್ ಮಾಡಿಸಿ, ದೂರದೃಷ್ಟಿಯ ಪವರಿಗೆ ಅರ್ಧದಿಂದ ಒಂದು ಡಯಾಪ್ಟರ್ ಸೇರಿಸುವುದು ರೂಢಿ. ನೇತ್ರತಜ್ಞರ ಬಳಿ ಹೋಗುವಾಗ ಕಣ್ಣಿನಿಂದ ಮುಂದಿನ ಸೈಟಿಗೆ ಎಷ್ಟು ದೂರವೆಂದು ಟೇಪಿನಲ್ಲಿ ಅಳೆದುಕೊಂಡು ಹೋದರೆ ಅರ್ಧ ಕೆಲಸ ಆದಂತೆ. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ ನಿಯಮವೂ ಇದಕ್ಕೆ ಅಡ್ಡಬರುವುದಿಲ್ಲ. ಲೆನ್ಸನ್ನು ಪಿಸ್ತೂಲಿಗೆ ಸಿಕ್ಕಿಸುವಂತಿಲ್ಲ, ಮುಖದ ಮೇಲೆ ಧರಿಸಬಹುದು.

ಆದರೆ ಲೆನ್ಸಿಗೂ ಒಂದು ಮಿತಿಯಿದೆ. ಅದು ಒಂದು ದೂರವನ್ನಷ್ಟೇ ತಿದ್ದುತ್ತದೆ, ಕಣ್ಣನ್ನು ಎಳೆಯದಾಗಿಸುವುದಿಲ್ಲ. ಅರವತ್ತರ ಆಚೆ ಪಾಪೆ ಚಿಕ್ಕದಾಗಿ ಒಳಹೋಗುವ ಬೆಳಕೇ ಕಡಿಮೆಯಾಗುತ್ತದೆ. ಪೊರೆ ಬರತೊಡಗಿದರೆ ಕಪ್ಪು-ಬಿಳುಪಿನ ಅಂಚು ಕರಗುತ್ತದೆ. ಮೊಳಕೆಯ ಪಕ್ಕದ ಬೆಳಕಿನ ಗೆರೆ ಕಾಣದಿದ್ದರೆ, ಎಷ್ಟು ವರ್ಷ ತಾಲೀಮು ಮಾಡಿದ ಕೈಯಾದರೂ ಏನು ಮಾಡೀತು?

ರೆಡ್ ಡಾಟ್ ಉಪಯೋಗಕ್ಕೆ ಬರುವುದು ಇಲ್ಲಿ. ಇದರ ಹಿಂದಿನ ತತ್ವ ಹೊಸದಲ್ಲ. ಐರ್ಲೆಂಡಿನ ಹೋವರ್ಡ್ ಗ್ರಬ್ 1900ರಲ್ಲೇ ಪ್ರತಿಫಲನದ ಸೈಟಿಗೆ ಪೇಟೆಂಟ್ ಪಡೆದಿದ್ದ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಎಲೆಕ್ಟ್ರಾನಿಕ್ ಚುಕ್ಕೆಯನ್ನು ಮಾರುಕಟ್ಟೆಗೆ ತಂದಿತು. ಪುಟ್ಟ ಎಲ್‌ಇಡಿಯ ಬೆಳಕು ಬಾಗಿದ ಗಾಜಿನಿಂದ ಮರಳಿ ಕಣ್ಣಿಗೆ ಬರುವಾಗ ಅದರ ಕಿರಣಗಳು ಸಮಾನಾಂತರವಾಗಿರುತ್ತವೆ. ಹಾಗಾಗಿ ಚುಕ್ಕೆ ಕೈಯ ಬಳಿ ಇರುವಂತೆ ಕಾಣದೆ ದೂರದಲ್ಲಿ ತೇಲುವಂತೆ ಕಾಣುತ್ತದೆ. ಕಣ್ಣು ಗುರಿಯನ್ನು ನೋಡಿದರೆ ಸಾಕು. ಹಿಂದಿನ ಕಚ್ಚು, ಮುಂದಿನ ಮೊಳಕೆ, ಗುರಿ ಎಂಬ ಮೂರು ದೂರಗಳ ಜಗಳ ಅಲ್ಲಿಗೆ ಮುಗಿಯುತ್ತದೆ.

‘ಹಾಗಾದರೆ ಅದು ಮೋಸ’ ಎಂದು ಹೇಳುವವರಿದ್ದಾರೆ, ಅವರಲ್ಲಿ ಹಿರಿಯ ಶೂಟರ್‌ಗಳೇ ಹೆಚ್ಚು. ಅವರ ಆಕ್ಷೇಪದಲ್ಲಿ ಹುರುಳಿದೆ. ಸೈಟ್ ಜೋಡಿಸುವುದೇ ಈ ಆಟದ ಅರ್ಧ ಕೌಶಲ. ಅದನ್ನು ತೆಗೆದರೆ ಆಟ ಬೇರೆಯಾಗುತ್ತದೆ, ನಿಜ. ಐಎಸ್‌ಎಸ್‌ಎಫ್ ಚುಕ್ಕೆಯನ್ನು ನಿಷೇಧಿಸಿರುವುದು ಸರಿಯೇ, ಒಲಿಂಪಿಕ್ ಸ್ಪರ್ಧೆ ಹಾಗೆಯೇ ಇರಲಿ. ಆದರೆ ಚುಕ್ಕೆಯಿದ್ದರೆ ಹತ್ತರ ಮೇಲೆ ಹತ್ತು ಬೀಳುತ್ತದೆ ಎಂಬುದು ತಪ್ಪು ಕಲ್ಪನೆ. ಚುಕ್ಕೆ ಕೈಯ ಪ್ರತಿ ನಡುಕವನ್ನೂ ತೋರಿಸುತ್ತದೆ. ಹಳೆಯ ಸೈಟಿನಲ್ಲಿ ಕಾಣದಿದ್ದ ಓಲಾಟ ಕೆಂಪಗೆ ಕುಣಿಯತೊಡಗಿದರೆ, ಚುಕ್ಕೆ ನಡುವಿಗೆ ಬಂದ ಕ್ಷಣದಲ್ಲೇ ಟ್ರಿಗರ್ ಎಳೆಯೋಣ ಎಂಬ ಆಸೆ ಹುಟ್ಟುತ್ತದೆ. ಹಾಗೆ ಎಳೆದ ಗುಂಡು ಎಲ್ಲಿ ಬೀಳುತ್ತದೆಂದು ಯಾವ ಶೂಟರ್‌ಗೂ ಹೇಳಬೇಕಾಗಿಲ್ಲ. ಅಸ್ಟಿಗ್ಮಾಟಿಸಂ ಇದ್ದವರಿಗಂತೂ ಚುಕ್ಕೆ ದುಂಡಗಿರದೆ ಬಾಲವಿರುವ ನಕ್ಷತ್ರದಂತೆ ಕಾಣುತ್ತದೆ. ನಿಲುವು, ಉಸಿರು, ಬೆರಳಿನ ಒತ್ತಡ ಎಲ್ಲವನ್ನೂ ಚುಕ್ಕೆಯಿಟ್ಟುಕೊಂಡೂ ದುಡಿದೇ ಗಳಿಸಬೇಕು.

ವಯಸ್ಸಿಗೆ ತಕ್ಕಂತೆ ಸಲಕರಣೆ ಬದಲಿಸುವುದನ್ನು ಬೇರೆ ಆಟಗಳು ಎಂದೋ ಒಪ್ಪಿವೆ. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 7.26 ಕೆ.ಜಿ.ಯ ಗುಂಡು ಐವತ್ತು ದಾಟಿದ ಗಂಡಸರಿಗೆ 6 ಕೆ.ಜಿ., ಅರವತ್ತಕ್ಕೆ 5, ಎಪ್ಪತ್ತಕ್ಕೆ 4. ಎಪ್ಪತ್ತರ ಅಜ್ಜ ಹಗುರವಾದ ಗುಂಡು ಎಸೆದು ಪದಕ ಪಡೆದರೆ ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಬಿಲ್ಲುಗಾರಿಕೆಯಲ್ಲಿ ಹಿಗ್ಗಿಸಿ ತೋರಿಸುವ ಲೆನ್ಸಿರುವ ಕಾಂಪೌಂಡ್ ಬಿಲ್ಲು ಬೇರೆ ವಿಭಾಗವಾಗಿ ಬೆಳೆದು, 2028ರ ಒಲಿಂಪಿಕ್ಸ್‌ಗೂ ಕಾಲಿಡುತ್ತಿದೆ. ಶೂಟಿಂಗ್ ಕೂಡ ಪ್ಯಾರಾ ವಿಭಾಗದಲ್ಲಿ ಈ ಔದಾರ್ಯ ತೋರಿಸಿದೆ. ತೋಳಿನಲ್ಲಿ ಬಂದೂಕಿನ ಭಾರ ತಾಳಲಾಗದವರಿಗೆ ಸ್ಪ್ರಿಂಗಿನ ಸ್ಟ್ಯಾಂಡ್ ಉಂಟು, ದೃಷ್ಟಿಯಿಲ್ಲದವರಿಗೆ ಕಿವಿಯಲ್ಲಿ ಕೇಳುವ ಸದ್ದಿನಿಂದ ಗುರಿಯಿಡುವ ವ್ಯವಸ್ಥೆಯೂ ಉಂಟು. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರೈಫಲ್ ಹಿಡಿದ ಸಿದ್ಧಾರ್ಥ ಬಾಬು ತಿರುವನಂತಪುರದವರೇ. ಪೂರ್ತಿ ಕಾಣದವರಿಗೆ ದಾರಿ ತೆರೆದ ಆಟ, ಅರ್ಧ ಕಾಣುವವರನ್ನು ಮಾತ್ರ ‘ಇನ್ನೂ ಅಭ್ಯಾಸ ಮಾಡಿ’ ಎಂದು ಸಾಗಹಾಕುವುದು ವಿಚಿತ್ರ.

ಉತ್ತರ ಪ್ರದೇಶದ ಜೋಹ್ರಿ ಗ್ರಾಮದ ಚಂದ್ರೋ ತೋಮರ್ ಅರವತ್ತು ದಾಟಿದ ಮೇಲೆ ಪಿಸ್ತೂಲು ಹಿಡಿದು ಪದಕಗಳ ರಾಶಿ ಹಾಕಲಿಲ್ಲವೇ ಎಂದು ಕೇಳಬಹುದು. ಹಾಕಿದರು, ಅವರಿಗೆ ನನ್ನ ನಮಸ್ಕಾರ. ಡಿಕೆಚ್ ಅವರಿಗೂ. ಆದರೆ ನಿಯಮಗಳನ್ನು ಮಾಡಬೇಕಾದದ್ದು ಅಪವಾದಗಳಿಗಾಗಿ ಅಲ್ಲ, ಮಾಮೂಲಿ ಕಣ್ಣಿನ ಮಾಮೂಲಿ ಜನರಿಗಾಗಿ. 2011ರ ಜನಗಣತಿಯಲ್ಲೇ ಕೇರಳದ ಶೇ. 12.6ರಷ್ಟು ಜನ ಅರವತ್ತು ದಾಟಿದವರಾಗಿದ್ದರು; ದೇಶದ ಲೆಕ್ಕ ಶೇ. 8.6. ಮಂಡಿ ಸವೆದವರೂ ಆಡಬಹುದಾದ ಆಟಗಳು ಹೆಚ್ಚಿಲ್ಲ. ನಿಂತಲ್ಲೇ ನಿಂತು ಆಡುವ, ಮನಸ್ಸನ್ನು ಒಂದೆಡೆ ನಿಲ್ಲಿಸುವ ಈ ಆಟ ಅವುಗಳಲ್ಲೊಂದು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ರಾಜ್ಯ ಚಾಂಪಿಯನ್‌ಷಿಪ್‌ನಲ್ಲಿ ಅರವತ್ತು ದಾಟಿದವರಿಗೆ ಒಂದು ಹೆಚ್ಚುವರಿ ಸ್ಪರ್ಧೆ. ಅದೇ ಪಿಸ್ತೂಲು, ಅದೇ ಹತ್ತು ಮೀಟರ್, ಅದೇ ಗುರಿ. ಹಿಗ್ಗಿಸಿ ತೋರಿಸದ ಚುಕ್ಕೆಯಷ್ಟೇ ಸಲ್ಲಬೇಕು, ಸೈಟೂ ಸೇರಿ ತೂಕ ಈಗಿನ 1500 ಗ್ರಾಂ ಮಿತಿಯೊಳಗಿರಬೇಕು. ಅಂಕಪಟ್ಟಿ ಬೇರೆ, ದಾಖಲೆ ಬೇರೆ, ರಾಷ್ಟ್ರೀಯ ಆಯ್ಕೆಗೂ ಇದಕ್ಕೂ ಸಂಬಂಧ ಬೇಡ. ತೆರೆದ ಸೈಟಿನಲ್ಲೇ ಆಡುತ್ತೇನೆಂಬ ಹಿರಿಯರಿಗೆ ಈಗಿನ ವಿಭಾಗ ಇದ್ದೇ ಇದೆ. ಹೊಸ ಕಟ್ಟಡ ಬೇಡ, ಹೊಸ ಗುರಿಹಲಗೆ ಬೇಡ. ವಟ್ಟಿಯೂರ್ಕಾವಿನಲ್ಲಿ ಒಂದು ಮಧ್ಯಾಹ್ನ ಕೆಲವು ಲೇನ್‌ಗಳನ್ನು ಬಿಟ್ಟುಕೊಟ್ಟರೆ ಸಾಕು. ಎರಡು ವರ್ಷ ನಡೆಸಿ ನೋಡಲಿ. ಯಾರೂ ಬರದಿದ್ದರೆ ಮುಚ್ಚಲಿ. ಆದರೆ ಲಕ್ಷದ ಮೇಲೆ ಬೆಲೆಯ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ವಾರಕ್ಕೊಮ್ಮೆ ಎಣ್ಣೆ ಒರೆಸುತ್ತಾ ಕುಳಿತಿರುವ ಹಲವರನ್ನು ನಾನು ಬಲ್ಲೆ. ಅವರು ಬಂದೇ ಬರುತ್ತಾರೆ.