ಡಾಲಿಗೆ ಸಿಳ್ಳೆ ಹಾಕಿದವರ ಪರವಾಗಿ

'ಟಗರು' ಚಿತ್ರವನ್ನು ನಾನು ಹೊಗಳಿದರೆ ನಮ್ಮ ಮಂಡ್ಯದ ಕೆಲವು ಹಿರಿಯರ ಮುಖ ಹುಳ್ಳಗಾಗುತ್ತದೆ. ರೌಡಿಗಳನ್ನು ಚೆಂದ ಮಾಡಿ ತೋರಿಸಿ ಹುಡುಗರನ್ನು ಕೆಡಿಸುವ ಸಿನಿಮಾ ಎಂಬುದು ಅವರ ದೂರು. 2018ರಲ್ಲಿ ತೆರೆಕಂಡ ದುನಿಯಾ ಸೂರಿಯವರ ಆ ಚಿತ್ರಕ್ಕೆ ಶಿವರಾಜ್‌ಕುಮಾರ್ ನಾಯಕರಾದರೂ ಹುಡುಗರ ಬಾಯಲ್ಲಿ ಉಳಿದದ್ದು ಧನಂಜಯ ಮಾಡಿದ ಡಾಲಿ. ಇದಕ್ಕಿಂತ ಸಾಕ್ಷಿ ಬೇಕೆ ಎನ್ನುತ್ತಾರೆ.

ಸ್ವಾಮಿ, ಮದ್ದೂರು, ಮಳವಳ್ಳಿ ಕಡೆ ಕುರುಕ್ಷೇತ್ರ ನಾಟಕ ಆಡುವವರನ್ನು ಕೇಳಿ ನೋಡಿ. ಪಾತ್ರಧಾರಿಯೇ ದುಡ್ಡು ಕೊಟ್ಟು ಪಾತ್ರ ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಕೃಷ್ಣನನ್ನು ಬಿಟ್ಟರೆ ಹೆಚ್ಚು ದುಡ್ಡು ಬೀಳುವುದು ದುರ್ಯೋಧನನಿಗೆ, ಧರ್ಮರಾಯನಿಗಲ್ಲ. ಗದೆ ಹೊತ್ತು ಅವನು ರಂಗಕ್ಕೆ ಬಂದರೆ ಹಾರ ಹಾಕಲು ನೆಂಟರಿಷ್ಟರು ಸಾಲುಗಟ್ಟುತ್ತಾರೆ. ಹಾಗೆಂದು ಬೆಳಗ್ಗೆ ಎದ್ದು ಯಾರೂ ದಾಯಾದಿಯ ಭಾಗ ನುಂಗಲು ಹೊರಡಲಿಲ್ಲ. ನುಂಗಿದವರಿದ್ದಾರೆ, ಅವರಿಗೆ ನಾಟಕದ ಹಂಗು ಬೇಕಾಗಿರಲಿಲ್ಲ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ 1981ರ 'ಅಂತ'ದಲ್ಲಿ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರನೂ ಹೌದು, ಕನ್ವರ್‌ಲಾಲನೂ ಹೌದು. ಜನ ಎದೆಗಿಟ್ಟುಕೊಂಡ ಹೆಸರು ಯಾವುದು?

ಕಥೆ ಹಿಂದುಮುಂದಾಗಿದೆ, ಹಳ್ಳಿಯವರಿಗೆ ತಿಳಿಯುವುದಿಲ್ಲ ಎಂಬ ಆಕ್ಷೇಪವಂತೂ ಬರೀ ಅಹಂಕಾರ. ಹರಿಕಥೆಯ ದಾಸರು ಒಂದು ಕಥೆಯ ಹೊಟ್ಟೆಯಿಂದ ಮೂರು ಉಪಕಥೆ ತೆಗೆದು ಮತ್ತೆ ಮೊದಲಿನದಕ್ಕೆ ಬರುವುದನ್ನು ಕೇಳಿ ಬೆಳೆದವರು ಇವರು. ಯಾರು ಸಾಯುತ್ತಾರೆಂದು ಗೊತ್ತಿದ್ದೂ, ಹೇಗೆ ಸಾಯುತ್ತಾರೆಂದು ನೋಡಲು ರಾತ್ರಿಯಿಡೀ ಕೂರುವವರು. 'ಟಗರು'ವಿನ ಕತ್ತಲೆ, ಕತ್ತರಿಸಿ ಕತ್ತರಿಸಿ ಜೋಡಿಸಿದ ದೃಶ್ಯಗಳು, ಚರಣ್ ರಾಜ್ ಸಂಗೀತದ ಏಟು ಅವರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನನ್ನ ತಕರಾರು ಬೇರೆ. ಡಾಲಿಯನ್ನು ಕಂಡು ಹೌಹಾರುವ ಹಿರಿಯರು, ಪೊಲೀಸ್ ಅಧಿಕಾರಿ ಆರೋಪಿಯನ್ನು ಕೋರ್ಟಿನ ಮೆಟ್ಟಿಲು ಹತ್ತಿಸದೆ ಗುಂಡು ಹಾರಿಸುವಾಗ ಆರಾಮಾಗಿ ಕೂತಿರುತ್ತಾರೆ. ಡಾಲಿ ಕೆಟ್ಟವನೆಂದು ಸಿಳ್ಳೆ ಹಾಕುವ ಹುಡುಗನಿಗೂ ಗೊತ್ತು. ಎನ್‌ಕೌಂಟರೇ ನ್ಯಾಯವೆಂದು ನಂಬಿ ಕೂತವನಿಗೆ ಬುದ್ಧಿ ಹೇಳುವವರು ಯಾರು? 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಕೊಂದಾಗ ಜನ ಅವರ ಮೇಲೆ ಹೂ ಎರಚಿದರು. ನಮ್ಮ ಹಿರಿಯರೂ ಇಲ್ಲಿಂದಲೇ ಭೇಷ್ ಎಂದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್‌ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು: ಕೊಲ್ಲಬೇಕೆಂದೇ ಗುಂಡು ಹಾರಿಸಿದ್ದಾರೆ ಎಂದಿತು. ರೌಡಿ ಸಿನಿಮಾ ನಿಲ್ಲಿಸಿ ಎನ್ನುವವರು ಆ ವರದಿಯ ಸುದ್ದಿಯನ್ನಾದರೂ ಪೂರ್ತಿ ಓದಿದರೇ, ಕೇಳಬೇಕು.