ಹತ್ತು, ಒಂಬತ್ತು, ಎಂಟು

ಮನೆಯಲ್ಲಿ ಹೇಳದೆ ಮುಂಬೈ ಬಸ್ಸು ಹತ್ತಿದ ಹುಡುಗನ ಕಥೆ ನಮ್ಮ ಸಂಘದ ಹಿರಿಯರಲ್ಲಿ ಹಲವರದು. ಊರಿನವರೊಬ್ಬರ ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಯಾಗಿ, ರಾತ್ರಿ ಶಾಲೆಯಲ್ಲಿ ಓದಿ ಎಸ್ಸೆಸ್ಸಿ ಮುಗಿಸಿದವರು ಅವರು. ಅವರಿಗೆ ಊರಿನವರು ಸಿಕ್ಕಿದರು. ಯಾರೂ ಸಿಗದೆ ಸ್ಟೇಷನ್ನಿನಲ್ಲೇ ರಾತ್ರಿ ಕಳೆದ ಮಕ್ಕಳು ಏನಾದರು ಎಂಬ ಪ್ರಶ್ನೆ, ಪ್ರತಿ ವರ್ಷ ಈ ಸಂಚಿಕೆಗೆ ಹಿರಿಯರ ನೆನಪುಗಳನ್ನು ಬರೆಸಿಕೊಳ್ಳುವಾಗ ನನ್ನನ್ನು ಕಾಡುತ್ತದೆ.

ಅಂಥ ಮಕ್ಕಳಿಗೆ ಇದೇ ಊರಿನಲ್ಲಿ ಒಂದು ದಾರಿ ತೆರೆಯಿತು. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಜೆರೂ ಬಿಲಿಮೋರಿಯಾ, ಬೀದಿ ಮಕ್ಕಳ ತಂಗುದಾಣಗಳಲ್ಲಿ ಪರಿಚಯವಾದ ಹುಡುಗರಿಗೆ ತಮ್ಮ ಫೋನ್ ನಂಬರು ಕೊಟ್ಟಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಕರೆಗಳು ಬರತೊಡಗಿದವು: ಒಬ್ಬನಿಗೆ ಜ್ವರ, ಒಬ್ಬನಿಗೆ ಪೆಟ್ಟು, ಒಬ್ಬನಿಗೆ ಬರೀ ಭಯ. 1996ರಲ್ಲಿ ಆ ಸಂಸ್ಥೆಯ ಯೋಜನೆಯಾಗಿ ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್ ಶುರುವಾಯಿತು. ನಂಬರು 1098. ಕರೆಗೆ ಕಾಸಿಲ್ಲ. ಅಕ್ಷರ ಬಾರದ ಮಗುವೂ ‘ದಸ್, ನೌ, ಆಠ್’ ಎಂದು ಹಿಂದಕ್ಕೆ ಎಣಿಸಿ ನೆನಪಿಟ್ಟುಕೊಳ್ಳಬಹುದಿತ್ತು.

ನಂಬರನ್ನು ಎಲ್ಲರೂ ಮೆಚ್ಚಿಕೊಂಡರು. ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಅದರ ಹಿಂದಿದ್ದ ಏರ್ಪಾಡು. ಬೀದಿ ಮಕ್ಕಳಿಗಾಗಿ ದುಡಿಯುವ ಸಂಸ್ಥೆಗಳು ಈ ನಗರದಲ್ಲಿ ಮೊದಲೇ ಇದ್ದವು. ಒಬ್ಬರ ಬಳಿ ಮಲಗಲು ಜಾಗ, ಇನ್ನೊಬ್ಬರ ಬಳಿ ವೈದ್ಯರು, ಮತ್ತೊಬ್ಬರ ಬಳಿ ಕಾನೂನು ಬಲ್ಲವರು. ಆದರೆ ಜ್ವರ ಬಂದ ಹುಡುಗನಿಗೆ ಯಾವ ಬಾಗಿಲು ತಟ್ಟಬೇಕೆಂದು ಗೊತ್ತಿರಲಿಲ್ಲ. ಚೈಲ್ಡ್‌ಲೈನ್ ಹೊಸದೊಂದು ದೊಡ್ಡ ಅನಾಥಾಲಯ ಕಟ್ಟಲು ಹೋಗಲಿಲ್ಲ. ಇದ್ದವರಿಗೇ ಕೆಲಸ ಹಂಚಿತು. ಕರೆ ಎತ್ತುವವರು, ಅರವತ್ತು ನಿಮಿಷದೊಳಗೆ ಮಗುವಿನ ಬಳಿ ತಲುಪಲು ಹೊರಡುವವರು, ಆಮೇಲೆ ಆಸರೆ ಕೊಡುವವರು, ಊರಿನ ಸಂಸ್ಥೆಗಳನ್ನೆಲ್ಲ ಕೂಡಿಸಿ ಲೆಕ್ಕ ಕೇಳುವವರು. ಪೊಲೀಸರು, ಆಸ್ಪತ್ರೆಯವರು, ರೈಲ್ವೆಯವರು, ಟೆಲಿಫೋನ್ ಇಲಾಖೆಯವರು ಎಲ್ಲರೂ ಅದರಲ್ಲಿ ಬೇಕಾದರು. ಮುಂದೆ ಅದು ಬೆಂಗಳೂರು, ಮಂಗಳೂರು ಸೇರಿ ದೇಶದ ಊರೂರಿಗೆ ಹಬ್ಬಿತು. 2023ರಿಂದ ಸರ್ಕಾರವೇ ಅದನ್ನು ಮಕ್ಕಳ ರಕ್ಷಣೆಯ ತನ್ನ ಮಿಷನ್ ವಾತ್ಸಲ್ಯ ಯೋಜನೆಯಡಿ ವಹಿಸಿಕೊಂಡು ತುರ್ತು ನೆರವಿನ ನಂಬರು 112ರ ಜೊತೆ ಜೋಡಿಸಿದೆ. ಸಂಸ್ಥೆಗಳು ಕಟ್ಟಿಕೊಂಡಿದ್ದ ಆ ಹತ್ತಿರದ ನಂಟು ಉಳಿಯಬೇಕೆಂಬುದು ನನ್ನ ಆಸೆ.

ಇಷ್ಟೆಲ್ಲ ನಡೆಯಲು ಪ್ರತಿ ಸಂಸ್ಥೆಯೂ ಒಂದನ್ನು ಬಿಟ್ಟುಕೊಡಬೇಕಾಯಿತು: ತನ್ನ ಹೆಸರು. ಮಗುವಿಗೆ ಗೊತ್ತಿದ್ದದ್ದು ನಂಬರೊಂದೇ; ಅನ್ನ ಹಾಕಿದವರ ಬೋರ್ಡಿನಲ್ಲಿ ಏನು ಬರೆದಿತ್ತೆಂಬುದು ಅದಕ್ಕೆ ಬೇಕಿರಲಿಲ್ಲ.

ನಾವು ತಡವರಿಸುವುದು ಇಲ್ಲೇ. ಮುಂಬೈ ಕನ್ನಡಿಗರಿಗೆ ಸಂಘಗಳ ಕೊರತೆಯಿಲ್ಲ. ಊರಿನ, ಜಿಲ್ಲೆಯ, ಸಮುದಾಯದ ಹೆಸರಿನಲ್ಲಿ ಹುಟ್ಟಿದ ಈ ಸಂಘಗಳನ್ನು ನಾನು ಹಗುರಾಗಿ ಕಾಣಲಾರೆ. ಗುರುತಿಲ್ಲದ ಊರಿಗೆ ಬಂದವನಿಗೆ ಗುರುತಿನ ಮುಖ ಬೇಕಿತ್ತು, ಅವು ಅದನ್ನು ಕೊಟ್ಟವು. ಆದರೆ ಜೂನ್ ಬಂತೆಂದರೆ ನಾವೆಲ್ಲ ಬೇರೆ ಬೇರೆ ಸಭಾಂಗಣಗಳಲ್ಲಿ ಪುಸ್ತಕ, ವಿದ್ಯಾರ್ಥಿವೇತನ ಹಂಚುತ್ತೇವೆ. ಕಳೆದ ಬಾರಿ ಒಂದೇ ಮಗು ಮೂರು ಸಂಘಗಳಿಂದ ನೋಟ್‌ಬುಕ್ ಪಡೆದದ್ದು ಆಮೇಲೆ ತಿಳಿಯಿತು. ಆ ಮಗುವಿನದು ತಪ್ಪಲ್ಲ. ಅದೇ ಚಾಳಿನ, ಯಾವ ಸಂಘದ ಪರಿಚಯವೂ ಇಲ್ಲದ ಮನೆಯ ಹುಡುಗಿ ಹನ್ನೊಂದನೇ ತರಗತಿಯ ಫೀಸಿಗೆ ದಾರಿ ಕಾಣದೆ ಓದು ಬಿಟ್ಟಿದ್ದಳು. ದುಡ್ಡು ನಮ್ಮೆಲ್ಲರ ಬಳಿ ಇತ್ತು, ಅವಳ ಸುದ್ದಿ ಮಾತ್ರ ಯಾರ ಬಳಿಯೂ ಇರಲಿಲ್ಲ.

ಸಂಘಗಳೆಲ್ಲ ಒಂದಾಗಿಬಿಡಲಿ ಎಂದು ನಾನು ಹೇಳುತ್ತಿಲ್ಲ. ಯಕ್ಷಗಾನ ನಡೆಸುವವರು ಅದನ್ನೇ ನಡೆಸಲಿ, ರಕ್ತದಾನ ಶಿಬಿರ ಚೆನ್ನಾಗಿ ಮಾಡುವವರಿಗೆ ಉಳಿದವರು ಜನ ಕಳಿಸಲಿ. ಅರ್ಜಿಗಳ ಪಟ್ಟಿ ಮಾತ್ರ ಒಂದೇ ಇರಲಿ. ಜಾತಿ, ಜಿಲ್ಲೆ ಕೇಳದೆ ಕನ್ನಡದಲ್ಲಿ ಕರೆ ಎತ್ತುವ ಒಂದು ಫೋನ್ ಇರಲಿ; ಕರೆ ಯಾರಿಗೆ ಬಂದರೂ ಕೆಲಸ ಅದನ್ನು ಬಲ್ಲ ಸಂಘಕ್ಕೆ ಹೋಗಲಿ.

ನಮ್ಮ ಸಂಘ ತನ್ನ ಪಾಲು ಮೊದಲು ಇಡುತ್ತಿದೆ. ಬರುವ ಏಪ್ರಿಲ್‌ನ ಮೊದಲ ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ಈ ವರ್ಷದ ಅರ್ಜಿಗಳ ಕಡತವನ್ನು ನಮ್ಮ ಕಚೇರಿಯ ಮೇಜಿನ ಮೇಲೆ ತೆರೆದಿಡುತ್ತೇವೆ. ಉಳಿದ ಸಂಘಗಳ ಕಾರ್ಯದರ್ಶಿಗಳು ತಮ್ಮ ಕಡತಗಳೊಡನೆ ಬರಬೇಕೆಂದು ಕೇಳಿಕೊಳ್ಳುತ್ತೇನೆ. ವೇದಿಕೆ, ಹಾರ, ಶಾಲು ಇರುವುದಿಲ್ಲ. ಕಾಫಿ ಇರುತ್ತದೆ.